ಎಡಗೈ ಶೂಟರ್‌ಗೆ ಒಗ್ಗುವ ಪಿಸ್ತೂಲು: ಆಯ್ಕೆಗೆ ಮುನ್ನ ತೂಗಿ ನೋಡಬೇಕಾದ ಸಂಗತಿಗಳು

ಎಡಗೈಯಲ್ಲಿ ಪಿಸ್ತೂಲು ಹಿಡಿಯುವವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: ಎರಡು ಮೂರು ಮಾದರಿಗಳು ಮನಸ್ಸಿಗೆ ಹಿಡಿಸಿವೆ, ಮಾರುವವರು ಮೂರನ್ನೂ "ಎರಡೂ ಕೈಗೆ ಆಗುತ್ತದೆ" ಎನ್ನುತ್ತಾರೆ, ಹಾಗಾದರೆ ಯಾವುದಕ್ಕೆ ಹಣ ಹಾಕಬೇಕು? ಜಗತ್ತಿನಲ್ಲಿ ಹತ್ತು ಜನರಲ್ಲಿ ಸುಮಾರು ಒಬ್ಬರು ಎಡಗೈಯವರು. ಪಿಸ್ತೂಲಿನ ವಿನ್ಯಾಸವಾದರೋ ಬಹುಕಾಲ ಉಳಿದ ಒಂಬತ್ತು ಮಂದಿಯ ಹೆಬ್ಬೆರಳನ್ನೇ ಲೆಕ್ಕಕ್ಕೆ ಹಿಡಿದು ಬೆಳೆಯಿತು. ಕಳೆದ ಮೂರು ದಶಕಗಳಲ್ಲಿ ಸ್ಥಿತಿ ಬಹಳಷ್ಟು ಸುಧಾರಿಸಿದ್ದರೂ "ಎರಡೂ ಕೈಗೆ" ಎಂಬ ಮಾತಿನೊಳಗೆ ಹಲವು ಬೇರೆ ಬೇರೆ ಸಂಗತಿಗಳು ಅಡಗಿರುವುದರಿಂದ, ಅವನ್ನು ಬಿಡಿಸಿ ನೋಡದೆ ಕೊಂಡವರು ಮುಂದೆ ತೊಡಕಿಗೆ ಸಿಲುಕುತ್ತಾರೆ.

ನಾನು ಕಲಿತದ್ದು 1911 ಮಾದರಿಯ ಒಂದು ಹಳೆಯ ಪಿಸ್ತೂಲಿನಲ್ಲಿ. ಗುಂಡು ಹಾರದಂತೆ ತಡೆಯುವ ಅದರ ಸೇಫ್ಟಿ ಸನ್ನೆ ಇದ್ದದ್ದು ಎಡಬದಿಯಲ್ಲಿ ಮಾತ್ರ. ಬಲಗೈಯಲ್ಲಿ ಹಿಡಿದವರ ಹೆಬ್ಬೆರಳು ತಾನಾಗಿಯೇ ಆ ಸನ್ನೆಯ ಮೇಲೆ ಕೂರುತ್ತದೆ. ನನ್ನ ಹೆಬ್ಬೆರಳು ಮಾತ್ರ ಬಲಬದಿಯ ನುಣುಪಾದ ಉಕ್ಕಿನ ಮೇಲೆ ಸುಮ್ಮನೆ ಜಾರುತ್ತಿತ್ತು. ಸನ್ನೆ ನನ್ನ ತೋರುಬೆರಳಿನ ಬುಡಕ್ಕೆ ಒತ್ತಿಕೊಂಡು, ಒಂದು ಗಂಟೆಯ ಅಭ್ಯಾಸ ಮುಗಿಯುವ ಹೊತ್ತಿಗೆ ಅಲ್ಲಿ ಕೆಂಪು ಗೆರೆ ಮೂಡಿರುತ್ತಿತ್ತು. ಸೇಫ್ಟಿ ಇಳಿಸಲು ಪ್ರತಿಸಲವೂ ಬಲಗೈಯನ್ನು ಪಿಸ್ತೂಲಿನ ಮೇಲಿಂದ ಆಚೆಗೆ ಚಾಚಬೇಕಾಗುತ್ತಿತ್ತು. "ಬಲಗೈಯಲ್ಲೇ ಹಿಡಿ, ಅಭ್ಯಾಸವಾಗುತ್ತದೆ" ಎಂಬ ಸಲಹೆ ಆಗ ಧಾರಾಳವಾಗಿ ಸಿಗುತ್ತಿತ್ತು. ಆ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ಟ್ರಿಗರ್ ಎಳೆಯುವ ಬೆರಳಿನ ನಯ ಯಾವ ಕೈಯಲ್ಲಿ ಸಹಜವಾಗಿದೆಯೋ ಆ ಕೈಗೇ ಪಿಸ್ತೂಲನ್ನು ಹುಡುಕಬೇಕೇ ಹೊರತು ಪಿಸ್ತೂಲಿಗಾಗಿ ಕೈ ಬದಲಿಸುವುದಲ್ಲ.

ಕೈ ಬದಲಿಸಿ ಗೆದ್ದವರು ಇಲ್ಲವೆಂದಲ್ಲ. ಹಂಗೇರಿಯ ಕಾರೊಯ್ ಟಕಾಚ್ 1938ರಲ್ಲಿ ಗ್ರೆನೇಡ್ ಸ್ಫೋಟದಲ್ಲಿ ಬಲಗೈಗೆ ತೀವ್ರ ಗಾಯವಾದ ಬಳಿಕ ಎಡಗೈಯಲ್ಲಿ ಗುರಿ ಹಿಡಿಯುವುದನ್ನು ಹೊಸದಾಗಿ ಕಲಿತು, 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಗೆದ್ದರು. ಆದರೆ ಅವರು ಕೈ ಬದಲಿಸಿದ್ದು ಬೇರೆ ದಾರಿಯಿಲ್ಲದೆ. ಎರಡೂ ಕೈ ನೆಟ್ಟಗಿರುವವರಿಗೆ ಆ ಬಲವಂತವಿಲ್ಲ.

ಮೊದಲು ಅಳತೆಗೋಲು

ಮಾದರಿಗಳ ಹೆಸರಿಗೆ ಹೋಗುವ ಮುನ್ನ ಯಾವುದನ್ನು ಎಷ್ಟು ತೂಕದಲ್ಲಿ ನೋಡಬೇಕೆಂದು ಗೊತ್ತುಮಾಡಿಕೊಳ್ಳೋಣ. ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಸೇಫ್ಟಿ ಮತ್ತು ಡಿಕಾಕರ್‌ಗೆ. ಡಿಕಾಕರ್ ಎಂದರೆ ಎತ್ತಿ ನಿಂತ ಹ್ಯಾಮರ್ ಅನ್ನು (ಗುಂಡು ಸಿಡಿಸಲು ಬಡಿಯುವ ಭಾಗವನ್ನು) ಗುಂಡು ಹಾರದಂತೆ ಸುರಕ್ಷಿತವಾಗಿ ಇಳಿಸುವ ಸನ್ನೆ. ಇವೆರಡರಲ್ಲಿ ಯಾವುದು ಇದ್ದರೂ ಹಿಡಿತ ಸಡಿಲಿಸದೆ ಎಡ ಹೆಬ್ಬೆರಳಿಗೆ ಸಿಗಬೇಕು, ಏಕೆಂದರೆ ಇಲ್ಲಿ ತಡಬಡಾಯಿಸುವುದು ಬರೀ ಅನಾನುಕೂಲವಲ್ಲ, ಅಪಾಯ. ಎರಡನೆಯದು ಮ್ಯಾಗಜೀನ್ (ಹಿಡಿಯೊಳಗೆ ಕೂರುವ ತೋಟಾಗಳ ಪೆಟ್ಟಿಗೆ) ಬಿಡಿಸುವ ಗುಂಡಿ. ಮೂರನೆಯದು ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ಸ್ಲೈಡ್ ಸ್ಟಾಪ್. ಖಾಲಿ ತೋಟಾ ಯಾವ ಬದಿಗೆ ಹಾರುತ್ತದೆ ಎಂಬುದನ್ನು ನಾನು ಕಡೆಗೆ ಇಡುತ್ತೇನೆ, ಹೊಸಬರು ಅದಕ್ಕೇ ಹೆಚ್ಚು ಹೆದರುತ್ತಾರಾದರೂ.

ಎಡಗೈ ಬಲಗೈ ಎನ್ನದೆ ಎಲ್ಲರಿಗೂ ಅನ್ವಯಿಸುವ ಇನ್ನೊಂದು ಅಳತೆಯಿದೆ: ಹಿಡಿಯ ಗಾತ್ರ ಮತ್ತು ಟ್ರಿಗರ್‌ಗೆ ಬೆರಳು ಎಟಕುವ ದೂರ. ಸನ್ನೆಗಳೆಲ್ಲ ಎರಡೂ ಬದಿಯಲ್ಲಿದ್ದು, ಹಿಡಿ ಮಾತ್ರ ನಿಮ್ಮ ಅಂಗೈಗೆ ದೊಡ್ಡದಾದರೆ ಆ ಸನ್ನೆಗಳಿಂದ ಲಾಭವಿಲ್ಲ. ಹಿಡಿಯ ಹಿಂಬದಿಯ ಪಟ್ಟಿಯನ್ನು ಬದಲಿಸಬಹುದಾದ ಮಾದರಿಗಳು ಈಗ ಸಾಕಷ್ಟಿವೆ. ಜರ್ಮನಿಯ ಎಚ್‌ಕೆ (ಹೆಕ್ಲರ್ ಆ್ಯಂಡ್ ಕೋಕ್) ಕಂಪನಿಯ ವಿಪಿ9ರಲ್ಲಿ ಅಕ್ಕಪಕ್ಕದ ಪಟ್ಟಿಗಳನ್ನೂ ಬೇರೆ ಬೇರೆಯಾಗಿ ಬದಲಿಸಬಹುದಾದ್ದರಿಂದ, ಅಂಗೈಯ ಕಡೆಗೆ ಒಂದು ದಪ್ಪ, ಬೆರಳ ತುದಿಯ ಕಡೆಗೆ ಇನ್ನೊಂದು ದಪ್ಪ ಇಟ್ಟುಕೊಳ್ಳಲು ಬರುತ್ತದೆ.

ಪ್ರಧಾನ ಕಣ್ಣು ಯಾವುದೆಂದೂ ತಿಳಿದಿರಬೇಕು. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಒಂದು ವಸ್ತುವನ್ನು ಅದರೊಳಗಿಂದ ನೋಡಿ. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ಪ್ರಧಾನ ಕಣ್ಣು. ಎಡಗೈಯವರಲ್ಲಿ ಅನೇಕರ ಪ್ರಧಾನ ಕಣ್ಣು ಬಲಗಣ್ಣೇ ಆಗಿರುತ್ತದೆ. ರೈಫಲಿನಲ್ಲಿ ಇದು ದೊಡ್ಡ ಸಮಸ್ಯೆ, ಏಕೆಂದರೆ ಹಿಂಭಾಗ ಭುಜಕ್ಕೂ ಕೆನ್ನೆಗೂ ಅಂಟಿಕೊಂಡಿರಬೇಕು. ಎರಡೂ ಕೈಯಲ್ಲಿ ಚಾಚಿ ಹಿಡಿಯುವ ಪಿಸ್ತೂಲಿನಲ್ಲಾದರೆ ಅದನ್ನು ಬಲಗಣ್ಣಿನ ಎದುರಿಗೆ ಸ್ವಲ್ಪ ಸರಿಸಿದರೆ ಅಥವಾ ಗಲ್ಲವನ್ನು ಎಡಕ್ಕೆ ತುಸು ಹೊರಳಿಸಿದರೆ ಸಾಕು. ಈ ಒಂದು ಕಾರಣಕ್ಕೆ ಕೈ ಬದಲಿಸಬೇಕಾಗಿಲ್ಲ.

ಒಂದೇ ಮಾತಿನ ಮೂರು ಅರ್ಥ

"ಎರಡೂ ಕೈಗೆ" ಎಂದು ಮಾರುವ ಪಿಸ್ತೂಲುಗಳಲ್ಲಿ ಮೂರು ಬಗೆಗಳಿವೆ. ಮೊದಲ ಬಗೆಯಲ್ಲಿ ಸನ್ನೆ ಅಥವಾ ಗುಂಡಿ ಎರಡೂ ಬದಿಗಳಲ್ಲಿ ಸದಾ ಇರುತ್ತದೆ. ಯಾರು ಯಾವ ಕೈಯಲ್ಲಿ ಎತ್ತಿಕೊಂಡರೂ ಕೆಲಸ ನಡೆಯುತ್ತದೆ. ಎರಡನೆಯದು ಬದಲಿಸಬಹುದಾದದ್ದು: ಮ್ಯಾಗಜೀನ್ ಗುಂಡಿಯನ್ನು ಬಿಚ್ಚಿ ಬಲಬದಿಗೆ ತಿರುಗಿಸಿ ಕೂರಿಸಬಹುದು, ಆದರೆ ಒಂದು ಹೊತ್ತಿಗೆ ಒಂದೇ ಬದಿ. ಮೂರನೆಯದರಲ್ಲಿ ಕೆಲವು ಸನ್ನೆಗಳು ಮಾತ್ರ ಎರಡೂ ಬದಿಗಿದ್ದು, ಉಳಿದವು ಎಡಬದಿಯಲ್ಲೇ ಉಳಿದಿರುತ್ತವೆ. ಬೆರೆಟಾ 92ಎಫ್‌ಎಸ್ ಈ ಮೂರನೆಯ ಬಗೆಗೆ ಒಳ್ಳೆಯ ಉದಾಹರಣೆ: ಸ್ಲೈಡಿನ ಮೇಲಿರುವ ಸೇಫ್ಟಿ ಎರಡೂ ಬದಿಗಿದೆ, ಮ್ಯಾಗಜೀನ್ ಗುಂಡಿಯನ್ನು ತಿರುಗಿಸಬಹುದು, ಸ್ಲೈಡ್ ಸ್ಟಾಪ್ ಮಾತ್ರ ಎಡಕ್ಕೇ ಇದೆ. ನನ್ನ ಅಳತೆಗೋಲಿನ ಪ್ರಕಾರ ಇದು ಉತ್ತಮ ಅಂಕ ಪಡೆಯುವ ಪಿಸ್ತೂಲೇ, ಏಕೆಂದರೆ ಸಿಗಬೇಕಾದದ್ದು ಸಿಗುತ್ತದೆ, ಇಲ್ಲದಿರುವುದು ಕಡಿಮೆ ಮುಖ್ಯವಾದದ್ದು.

ಬಲಗೈ ಪಿಸ್ತೂಲನ್ನೇ ಎಡಗೈಯಲ್ಲಿ ಬಳಸುವುದು

ಇದು ಹೆಚ್ಚು ಖರ್ಚಿಲ್ಲದ ದಾರಿ, ಮತ್ತು ಅನೇಕರು ಭಾವಿಸಿದಷ್ಟು ಕೆಟ್ಟ ದಾರಿಯಲ್ಲ, ಒಂದು ಷರತ್ತಿನ ಮೇಲೆ: ಕೈಯಿಂದ ಹಾಕುವ ಸೇಫ್ಟಿ ಅದರಲ್ಲಿ ಇರಬಾರದು, ಇದ್ದರೆ ಎರಡೂ ಬದಿಗೆ ಇರಬೇಕು.

ಎಡಗೈಯಲ್ಲಿ ಹಿಡಿದಾಗ ತೋರುಬೆರಳು ಪಿಸ್ತೂಲಿನ ಎಡಬದಿಯಲ್ಲಿ ಚಾಚಿರುತ್ತದೆ. ಮ್ಯಾಗಜೀನ್ ಗುಂಡಿ ಎಡಬದಿಯಲ್ಲಿದ್ದರೆ ಅದನ್ನು ಅದೇ ತೋರುಬೆರಳಿನಿಂದ, ಕೆಲವರು ಮಧ್ಯದ ಬೆರಳಿನಿಂದ, ಒತ್ತಬಹುದು. ಬಲಗೈಯವರು ಗುಂಡಿಗೆ ಹೆಬ್ಬೆರಳು ಎಟಕಿಸಲು ಅನೇಕ ಸಲ ಪಿಸ್ತೂಲನ್ನು ಅಂಗೈಯಲ್ಲಿ ಹೊರಳಿಸಬೇಕಾಗುತ್ತದೆ; ನಮಗೆ ಆ ಹೊರಳಾಟವಿಲ್ಲ. ಜೊತೆಗೆ, ಮ್ಯಾಗಜೀನ್ ಬದಲಿಸುವಾಗ ತೋರುಬೆರಳು ಟ್ರಿಗರ್‌ನಿಂದ ದೂರವಿರಲೇಬೇಕಾದದ್ದು ನಿಯಮ, ಗುಂಡಿ ಒತ್ತುವ ಕೆಲಸವೇ ಆ ಬೆರಳನ್ನು ಹೊರಗೆ ಕರೆತರುತ್ತದೆ. ಗುಂಡಿಯನ್ನು ತಿರುಗಿಸಿ ಬಲಬದಿಗೆ ಹಾಕಿಸಿಕೊಂಡು, ಒಂದು ತಿಂಗಳ ಬಳಿಕ ಮತ್ತೆ ಎಡಕ್ಕೆ ತಂದುಕೊಂಡ ಎಡಗೈಯವರು ನನ್ನ ಪರಿಚಯದಲ್ಲಿ ಒಬ್ಬರಿಗಿಂತ ಹೆಚ್ಚಿದ್ದಾರೆ. ನಾನೂ ಅವರಲ್ಲಿ ಒಬ್ಬ.

ಸ್ಲೈಡ್ ಸ್ಟಾಪ್ ಬಲಬದಿಯಲ್ಲಿ ಇಲ್ಲದಿದ್ದರೆ ಹೊಸ ಮ್ಯಾಗಜೀನ್ ಕೂರಿಸಿದ ಬಲಗೈಯನ್ನು ಹಾಗೆಯೇ ಮೇಲಕ್ಕೆ ತಂದು, ಸ್ಲೈಡಿನ ಹಿಂಭಾಗವನ್ನು ಹಿಡಿದು ಜಗ್ಗಿ ಬಿಟ್ಟರಾಯಿತು. ಸ್ಪರ್ಧೆಯಲ್ಲಿ ಅರೆಕ್ಷಣ ಹೋಗಬಹುದು, ಉಳಿದಂತೆ ನಷ್ಟವಿಲ್ಲ. ತೋಟಾ ಕೂರುವ ಕೋಣೆ (ಚೇಂಬರ್) ಖಾಲಿಯಿದೆಯೇ ಎಂದು ನೋಡುವ ವಿಷಯದಲ್ಲಂತೂ ಎಡಗೈಯವರೇ ಲಾಭದಲ್ಲಿದ್ದಾರೆ: ತೋಟಾ ಹೊರಬರುವ ಕಿಂಡಿ ಬಲಬದಿಯಲ್ಲಿರುವುದರಿಂದ, ಎಡಗೈಯಲ್ಲಿ ಹಿಡಿದ ಪಿಸ್ತೂಲಿನ ಆ ಬದಿ ನಮ್ಮ ಮುಖದತ್ತಲೇ ಇರುತ್ತದೆ.

ಆದರೆ ಈ ದಾರಿಯಲ್ಲಿ ಎರಡು ಗುಪ್ತ ತೊಡಕುಗಳಿವೆ. ಎಡಬದಿಯ ಸ್ಲೈಡ್ ಸ್ಟಾಪ್ ತೋರುಬೆರಳಿನ ಬುಡಕ್ಕೆ ತಾಗಿದರೆ, ಕೊನೆಯ ಗುಂಡು ಹಾರಿದ ಮೇಲೂ ಸ್ಲೈಡ್ ಹಿಂದೆ ನಿಲ್ಲದೆ ಮುಚ್ಚಿಕೊಳ್ಳುತ್ತದೆ. ಪಿಸ್ತೂಲು ಕೆಟ್ಟಿದೆ ಎಂದು ರಿಪೇರಿಗೆ ಕೊಟ್ಟವರೂ ಇದ್ದಾರೆ. ಎರಡನೆಯದು ಸೊಂಟದಲ್ಲಿ ಇಟ್ಟುಕೊಳ್ಳುವವರಿಗೆ ಸಂಬಂಧಿಸಿದ್ದು. ಬಲ ಸೊಂಟದಲ್ಲಿ ಕಟ್ಟಿದ ಪಿಸ್ತೂಲಿನ ಎಡಬದಿ ಮೈಯ ಕಡೆಗಿರುತ್ತದೆ, ಗುಂಡಿಗೆ ರಕ್ಷಣೆ ಸಿಗುತ್ತದೆ. ಎಡ ಸೊಂಟದಲ್ಲಿ ಅದೇ ಗುಂಡಿ ಹೊರಮುಖವಾಗುತ್ತದೆ. ಕುರ್ಚಿಯ ಕೈ, ಕಾರಿನ ಸೀಟ್ ಬೆಲ್ಟ್ ತಾಗಿ ಗುಂಡಿ ಒತ್ತಿಹೋದರೆ ಮ್ಯಾಗಜೀನ್ ಸಡಿಲಗೊಂಡಿರುವುದು ಗೊತ್ತೇ ಆಗುವುದಿಲ್ಲ. ಆ ಗುಂಡಿಯ ಸುತ್ತ ಗೋಡೆಯಂತೆ ಎತ್ತರಿಸಿದ ಹೋಲ್‌ಸ್ಟರ್ (ಪಿಸ್ತೂಲು ಇಡುವ ಸೊಂಟದ ಚೀಲ) ಇದಕ್ಕೆ ಪರಿಹಾರ.

ಹಳೆಯ 1911, ಬ್ರೌನಿಂಗ್ ಹೈ-ಪವರ್, ಸಿಝಡ್ 75 ಇಷ್ಟಪಡುವವರು ಏನು ಮಾಡಬೇಕು? ಮೂರರ ಮೂಲ ರೂಪದಲ್ಲೂ ಸೇಫ್ಟಿ ಎಡಬದಿಯಲ್ಲಷ್ಟೇ ಇದೆ. 1911ಕ್ಕೆ ಎರಡೂ ಬದಿಯ ಸೇಫ್ಟಿಯನ್ನು ನುರಿತ ಬಂದೂಕು ಕೆಲಸಗಾರರಿಂದ ಹಾಕಿಸಬಹುದು. ಅದನ್ನು ಮನೆಯಲ್ಲಿ ಉಜ್ಜಿ ಕೂರಿಸುವ ಸಾಹಸ ಬೇಡ, ಸೇಫ್ಟಿಯ ಒಳಭಾಗ ಹ್ಯಾಮರನ್ನು ಹಿಡಿದಿಡುವ ಸಿಯರ್ ಎಂಬ ಭಾಗವನ್ನು ತಡೆದು ನಿಲ್ಲಿಸುವುದರಿಂದ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಅದು ಸೇಫ್ಟಿಯಾಗಿ ಉಳಿಯುವುದಿಲ್ಲ. ಎಡ ಬಲ ಸನ್ನೆಗಳು ಒಳಗೆ ಒಂದಕ್ಕೊಂದು ಸಿಕ್ಕಿಕೊಂಡು ತಿರುಗುವ ಆ ಜೋಡಣೆ ಕಾಲಕ್ರಮದಲ್ಲಿ ಸಡಿಲವಾಗುವುದೂ ಉಂಟು. ಹೈ-ಪವರ್‌ನಲ್ಲಾದರೆ ಎರಡೂ ಬದಿಗೆ ಸೇಫ್ಟಿ ಇರುವ ಮಾರ್ಕ್ 3ನ್ನೂ, ಸಿಝಡ್ 75ರ ಬದಲು ಸೇಫ್ಟಿ ಮತ್ತು ಸ್ಲೈಡ್ ಸ್ಟಾಪ್ ಎರಡನ್ನೂ ಎರಡೂ ಬದಿಗೆ ಇಟ್ಟು ರೂಪಿಸಿದ ಸಿಝಡ್ 85ನ್ನೂ ಹುಡುಕುವುದು ಜಾಣತನ. ಬಳಸಿದ ಪಿಸ್ತೂಲು ಕೊಳ್ಳುವವರಿಗೆ ಇವು ನಿಜಕ್ಕೂ ಒಳ್ಳೆಯ ಆಯ್ಕೆಗಳು.

ಗುಂಡಿ ತಿರುಗಿಸಬಹುದಾದ ಮಾದರಿಗಳು

ಇಂದಿನ ಪಾಲಿಮರ್ ದೇಹದ ಪಿಸ್ತೂಲುಗಳಲ್ಲಿ ಹೆಚ್ಚಿನವು ಈ ಗುಂಪಿಗೆ ಸೇರುತ್ತವೆ. ಗ್ಲಾಕ್ ತನ್ನ 4ನೆಯ ಪೀಳಿಗೆಯಲ್ಲಿ, ಅಂದರೆ 2010ರಲ್ಲಿ, ತಿರುಗಿಸಬಹುದಾದ ಮ್ಯಾಗಜೀನ್ ಗುಂಡಿಯನ್ನು ತಂದಿತು. 2017ರ 5ನೆಯ ಪೀಳಿಗೆಯಲ್ಲಿ ಸ್ಲೈಡ್ ಸ್ಟಾಪನ್ನು ಎರಡೂ ಬದಿಗೆ ಕೊಟ್ಟಿತು. ಕೈಯಿಂದ ಹಾಕುವ ಸೇಫ್ಟಿ ಇದರ ಸಾಮಾನ್ಯ ಮಾದರಿಗಳಲ್ಲಿ ಇಲ್ಲವೇ ಇಲ್ಲ. ಹಾಗಾಗಿ 5ನೆಯ ಪೀಳಿಗೆಯ ಗ್ಲಾಕ್ ಎಡಗೈಯವರಿಗೆ ಹೆಚ್ಚು ಯೋಚಿಸದೆ ಕೊಳ್ಳಬಹುದಾದದ್ದು, 3ನೆಯ ಪೀಳಿಗೆಯದು ಅಭ್ಯಾಸದಿಂದ ಒಗ್ಗಿಸಿಕೊಳ್ಳಬಹುದಾದದ್ದು. ಸ್ಮಿತ್ ಆ್ಯಂಡ್ ವೆಸನ್ನಿನ 2005ರ ಎಂ ಆ್ಯಂಡ್ ಪಿ ಮತ್ತು ಸಿಗ್‌ನ 2014ರ ಪಿ320 ಕೂಡ ಇದೇ ಸೂತ್ರದವು: ಸ್ಲೈಡ್ ಸ್ಟಾಪ್ ಎರಡೂ ಬದಿಗೆ, ಮ್ಯಾಗಜೀನ್ ಗುಂಡಿ ತಿರುಗಿಸಬಹುದು. ಆದರೆ ಅದೇ ಸಿಗ್‌ನ ಪುಟ್ಟ ಪಿ365ರಲ್ಲಿ ಸ್ಲೈಡ್ ಸ್ಟಾಪ್ ಎಡಬದಿಗೆ ಮಾತ್ರ. ಒಂದೇ ಕಂಪನಿಯ ದೊಡ್ಡ ಮಾದರಿ ನೋಡಿ ಚಿಕ್ಕದನ್ನು ಕೊಳ್ಳಬಾರದು ಎಂಬುದಕ್ಕೆ ಇದು ಸಾಕ್ಷಿ.

ಗುಂಡಿ ತಿರುಗಿಸುವವರು ಮ್ಯಾಗಜೀನ್‌ಗಳನ್ನೂ ಗಮನಿಸಬೇಕು. ಗುಂಡಿಯ ಕೊಂಡಿ ಮ್ಯಾಗಜೀನಿನ ಒಂದು ಕಚ್ಚಿನೊಳಗೆ ಕೂರುತ್ತದೆ. ಹಳೆಯ ಗ್ಲಾಕ್ ಮ್ಯಾಗಜೀನ್‌ಗಳಲ್ಲಿ ಆ ಕಚ್ಚು ಒಂದೇ ಬದಿಗಿರುವುದರಿಂದ, ಗುಂಡಿಯನ್ನು ಬಲಕ್ಕೆ ತಿರುಗಿಸಿದ ಪಿಸ್ತೂಲಿನಲ್ಲಿ ಅವು ನಿಲ್ಲುವುದಿಲ್ಲ. ಹಳೆಯ ಮ್ಯಾಗಜೀನ್‌ಗಳ ಸಂಗ್ರಹವಿರುವವರಿಗೆ ಇದು ನಿಜವಾದ ಖರ್ಚು. ಮನೆಯಲ್ಲಿ ಅಥವಾ ಕ್ಲಬ್ಬಿನಲ್ಲಿ ಅದೇ ಪಿಸ್ತೂಲನ್ನು ಬಲಗೈಯವರೂ ಬಳಸುವುದಾದರೆ ತಿರುಗಿಸುವ ಮಾತನ್ನೇ ಬಿಡುವುದು ಒಳಿತು: ಒಬ್ಬರ ಅನುಕೂಲ ಇನ್ನೊಬ್ಬರ ಕೈಯಲ್ಲಿ ಗೊಂದಲವಾಗುತ್ತದೆ.

ಎಲ್ಲವೂ ಎರಡೂ ಬದಿಗೆ ಇರುವವು

ಹಣಕ್ಕೆ ಅಷ್ಟೇನೂ ಅಡ್ಡಿಯಿಲ್ಲದಿದ್ದರೆ, ಅಥವಾ ಪಿಸ್ತೂಲನ್ನು ಬಲಗೈಯವರೊಂದಿಗೆ ಹಂಚಿಕೊಳ್ಳಬೇಕಿದ್ದರೆ, ಈ ಗುಂಪನ್ನೇ ಮೊದಲು ನೋಡಿ. ಎಚ್‌ಕೆ ಕಂಪನಿ 1993ರ ಯುಎಸ್‌ಪಿಯಲ್ಲಿ ಟ್ರಿಗರ್ ಸುತ್ತಲಿನ ಕಾವಲು ಬಳೆಯ ಹಿಂದೆ, ಎರಡೂ ಬದಿಯಿಂದ ಕೆಳಕ್ಕೆ ಒತ್ತುವ ಮ್ಯಾಗಜೀನ್ ಸನ್ನೆಯನ್ನು ಇಟ್ಟಿತು. ವಾಲ್ಥರ್ 1997ರ ಪಿ99ರಲ್ಲೂ ಇಂಥದ್ದೇ ಇದೆ. ಮೊದಲ ಸಲ ಹಿಡಿದವರಿಗೆ ಇದು ವಿಚಿತ್ರವೆನಿಸುತ್ತದೆ, ಅಲ್ಲಿಲ್ಲದ ಗುಂಡಿಯನ್ನು ಬೆರಳು ಹುಡುಕುತ್ತದೆ. ಎರಡು ವಾರ ಬಳಸಿದ ಮೇಲೆ ತೋರುಬೆರಳನ್ನು ಟ್ರಿಗರ್‌ನಿಂದ ಹೊರತಂದು ಹಾಗೆಯೇ ಕೆಳಕ್ಕೆ ಎಳೆಯುವುದು ಎಷ್ಟು ಸಲೀಸಾಗುತ್ತದೆಂದರೆ, ಗುಂಡಿಯ ಪಿಸ್ತೂಲಿಗೆ ಮರಳುವುದು ಕಷ್ಟವಾಗುತ್ತದೆ. ಆಕಸ್ಮಿಕವಾಗಿ ಒತ್ತಿಹೋಗುವ ಭಯವೂ ಕಡಿಮೆ. ಯುಎಸ್‌ಪಿಯಲ್ಲಿ ಸೇಫ್ಟಿ ಸನ್ನೆಯನ್ನೇ ಬಲಬದಿಗೆ ಇಟ್ಟ ರೂಪಾಂತರವೂ ಇದೆ. ಎಡಗೈಯವರು ಕೊಳ್ಳುವಾಗ ಯಾವ ರೂಪಾಂತರ ಎಂದು ವಿಚಾರಿಸಲೇಬೇಕು. 2014ರ ವಿಪಿ9ರಲ್ಲಿ ಇದೇ ಮ್ಯಾಗಜೀನ್ ಸನ್ನೆಯ ಜೊತೆಗೆ ಸ್ಲೈಡ್ ಸ್ಟಾಪೂ ಎರಡೂ ಬದಿಗಿದೆ. ಗುಂಡಿಯೇ ಬೇಕೆನ್ನುವವರಿಗೆ ಎಫ್‌ಎನ್ 509ರಲ್ಲಿ ಮ್ಯಾಗಜೀನ್ ಗುಂಡಿ ಮತ್ತು ಸ್ಲೈಡ್ ಸ್ಟಾಪ್ ಎರಡೂ ಎರಡೂ ಬದಿಗಿವೆ. ಹ್ಯಾಮರ್ ಇರುವ ಪಿಸ್ತೂಲು ಇಷ್ಟಪಡುವವರಿಗೆ ಎಫ್‌ಎನ್‌ಎಕ್ಸ್‌ನಲ್ಲಿ ಸೇಫ್ಟಿ ಮತ್ತು ಡಿಕಾಕರ್ ಕೂಡ ಹಾಗೆಯೇ ಇವೆ.

ಸನ್ನೆ ಹೆಚ್ಚಾದಷ್ಟೂ ಒಳ್ಳೆಯದು ಎಂದು ತಿಳಿಯಬಾರದು. ಎರಡೂ ಹೆಬ್ಬೆರಳನ್ನು ಎತ್ತರದಲ್ಲಿ ಮುಂದಕ್ಕೆ ಚಾಚಿ ಹಿಡಿಯುವವರು ಬಲಬದಿಯ ಸ್ಲೈಡ್ ಸ್ಟಾಪಿನ ಮೇಲೆ ತಿಳಿಯದೆ ಭಾರ ಹಾಕುತ್ತಾರೆ, ಆಗ ಕೊನೆಯ ಗುಂಡಿನ ಬಳಿಕ ಸ್ಲೈಡ್ ನಿಲ್ಲುವುದಿಲ್ಲ. ಎರಡೂ ಬದಿಗೆ ಸೇಫ್ಟಿ ಇರುವ ಪಿಸ್ತೂಲಿನ ಹೊರಬದಿಯ ಸನ್ನೆ ಬಟ್ಟೆಗೂ ಹೋಲ್‌ಸ್ಟರ್‌ಗೂ ಉಜ್ಜಿ, ಹಾಕಿದ ಸೇಫ್ಟಿ ತಾನಾಗಿ ಇಳಿಯುವ ಸಾಧ್ಯತೆಯಿದೆ. ಗುರಿ ಅಭ್ಯಾಸದ ರೇಂಜಿನಲ್ಲಿ ಮಾತ್ರ ಬಳಸುವವರಿಗೆ ಇದರ ಚಿಂತೆ ಬೇಡ. ಸೊಂಟದಲ್ಲಿ ಇಡುವವರು ಸನ್ನೆಯನ್ನು ಪೂರ್ತಿ ಮುಚ್ಚುವ ಹೋಲ್‌ಸ್ಟರ್ ಸಿಗುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಲಿ.

ಕನ್ನಡಿಯ ಬಿಂಬದಂಥ ಎಡಗೈ ಪಿಸ್ತೂಲು

ಎಲ್ಲವನ್ನೂ ತಿರುವು ಮುರುವು ಮಾಡಿ, ಖಾಲಿ ತೋಟಾ ಕೂಡ ಎಡಕ್ಕೆ ಹಾರುವಂತೆ ರೂಪಿಸಿದ ಅಪ್ಪಟ ಎಡಗೈ ಪಿಸ್ತೂಲುಗಳು ಬೆರಳೆಣಿಕೆಯಷ್ಟು. 1980ರ ದಶಕದಲ್ಲಿ ಅಮೆರಿಕದ ರ‍್ಯಾಂಡಲ್ ಕಂಪನಿ 1911ರ ಅಂಥ ರೂಪವನ್ನು ತಯಾರಿಸಿತು. ಕಂಪನಿ ಕೆಲವೇ ವರ್ಷ ಬಾಳಿತು, ಅದರ ಪಿಸ್ತೂಲುಗಳು ಈಗ ಸಂಗ್ರಾಹಕರ ಸೊತ್ತು. ಇತ್ತೀಚೆಗೆ ಕ್ಯಾಬಟ್ ಕಂಪನಿ ಎಡಗೈಯ 1911ನ್ನು ಮಾಡುತ್ತದೆ, ಆದರೆ ಅದು ಐಷಾರಾಮಿ ವರ್ಗದ್ದು. ಇವನ್ನು ಹಿಡಿದಾಗ ಆಗುವ ಸಂತೋಷ ನಿಜ. ಕೈಯನ್ನು ಜೀವನದಲ್ಲಿ ಮೊದಲ ಸಲ ಯಾರೋ ಲೆಕ್ಕಕ್ಕೆ ತೆಗೆದುಕೊಂಡಂತೆ ಅನಿಸುತ್ತದೆ. ಆದರೆ ಬಿಡಿಭಾಗಗಳೂ ಹೋಲ್‌ಸ್ಟರ್‌ಗಳೂ ವಿರಳ, ಒಂದು ಸನ್ನೆ ಮುರಿದರೆ ಮಾರುಕಟ್ಟೆಯ ಸಾಮಾನ್ಯ 1911 ಭಾಗ ಕೂರುವುದಿಲ್ಲ. ಮೊದಲ ಪಿಸ್ತೂಲಾಗಿ ನಾನು ಇದನ್ನು ಸೂಚಿಸುವುದಿಲ್ಲ.

ತೋಟಾ ಹಾರುವ ಬದಿಯ ಬಗ್ಗೆ ಇಲ್ಲೇ ಒಂದು ಮಾತು. ಜರ್ಮನಿಯ ವಾಲ್ಥರ್ ಪಿ38 ಖಾಲಿ ತೋಟಾವನ್ನು ಎಡಕ್ಕೇ ಎಸೆಯುತ್ತದೆ, ಹಾಗಿದ್ದೂ ಬಲಗೈಯವರು ಅದನ್ನು ದಶಕಗಳ ಕಾಲ ಬಳಸಿದರು. ಪಿಸ್ತೂಲು ಮುಖದಿಂದ ತೋಳಿನಳತೆ ದೂರದಲ್ಲಿರುವುದರಿಂದ ತೋಟಾ ಯಾವ ಬದಿಗೆ ಹೋದರೂ ದೊಡ್ಡ ವ್ಯತ್ಯಾಸವಿಲ್ಲ. ಎಡಗೈ ಒಂದರಲ್ಲೇ ಗುರಿ ಹಿಡಿಯುವಾಗ ಮಾತ್ರ ಬಲಕ್ಕೆ ಹಾರಿದ ಬಿಸಿ ತೋಟಾ ಎದೆಯ ಮೇಲೆ ಬೀಳಬಹುದು. ಒಮ್ಮೆ ನನ್ನ ಅಂಗಿಯ ಕಾಲರಿನೊಳಗೆ ಇಳಿದು ಕತ್ತಿನ ಬುಡದಲ್ಲಿ ಕಡಲೆಕಾಳಿನಷ್ಟು ಗುಳ್ಳೆ ಎದ್ದಿತ್ತು. ಅಂಥ ಹೊತ್ತಿನಲ್ಲಿ ಪಿಸ್ತೂಲಿನ ಬಾಯಿ ಗುರಿಯ ಕಡೆಗೇ ಇರುವಂತೆ ನೋಡಿಕೊಂಡು ಮೇಜಿನ ಮೇಲಿಟ್ಟು, ಆಮೇಲೆ ಕಾಲರಿಗೆ ಕೈ ಹಾಕಬೇಕು. ರಕ್ಷಣಾ ಕನ್ನಡಕ, ಟೋಪಿ, ಗುಂಡಿ ಹಾಕಿದ ಕಾಲರ್ ಇದ್ದರೆ ಈ ವಿಷಯಕ್ಕಾಗಿ ಹೆಚ್ಚುವರಿ ಹಣ ಸುರಿಯಬೇಕಾಗಿಲ್ಲ.

ರಿವಾಲ್ವರ್ ಎಷ್ಟರಮಟ್ಟಿಗೆ ಸಮ?

"ಎಡಗೈಯವರಾದರೆ ರಿವಾಲ್ವರ್ ತೆಗೆದುಕೊಳ್ಳಿ" ಎಂಬ ಮಾತು ಅರ್ಧ ಸತ್ಯ. ಗುಂಡು ಹಾರಿಸುವವರೆಗೆ ರಿವಾಲ್ವರ್ ಎರಡೂ ಕೈಗೂ ಸಮ: ಸೇಫ್ಟಿ ಇಲ್ಲ, ಸ್ಲೈಡ್ ಇಲ್ಲ, ತೋಟಾ ಹಾರುವುದಿಲ್ಲ, ಹ್ಯಾಮರ್ ನಡುವಿನಲ್ಲಿದೆ. ಮತ್ತೆ ತುಂಬುವಾಗ ಸತ್ಯದ ಉಳಿದರ್ಧ ಎದುರಾಗುತ್ತದೆ. ಸಿಲಿಂಡರ್ ಬಿಡಿಸುವ ಸನ್ನೆ ಎಡಬದಿಯಲ್ಲಿ, ಸಿಲಿಂಡರ್ ತೆರೆದುಕೊಳ್ಳುವುದೂ ಎಡಕ್ಕೆ. ಬಲಗೈ ಹೆಬ್ಬೆರಳು ಸನ್ನೆ ಒತ್ತಿ ಎಡಗೈ ಸಿಲಿಂಡರನ್ನು ಹಿಡಿದುಕೊಳ್ಳಲಿ ಎಂಬ ಲೆಕ್ಕ ಅದು. ಎಡಗೈಯವರು ಒಂದೋ ರಿವಾಲ್ವರನ್ನು ಬಲಗೈಗೆ ವರ್ಗಾಯಿಸಬೇಕು, ಇಲ್ಲವೇ ತೋರುಬೆರಳಿನಿಂದ ಸನ್ನೆ ಒತ್ತಿ ಸಿಲಿಂಡರನ್ನು ಹೊರಗೆಳೆಯಬೇಕು.

ಇಲ್ಲಿ ಕಂಪನಿಗಳ ನಡುವಿನ ಸಣ್ಣ ವ್ಯತ್ಯಾಸ ನಮಗೆ ದೊಡ್ಡದಾಗುತ್ತದೆ. ಸ್ಮಿತ್ ಆ್ಯಂಡ್ ವೆಸನ್‌ನಲ್ಲಿ ಸನ್ನೆಯನ್ನು ಮುಂದಕ್ಕೆ ತಳ್ಳಬೇಕು, ಕೋಲ್ಟ್‌ನಲ್ಲಿ ಹಿಂದಕ್ಕೆ ಎಳೆಯಬೇಕು, ರೂಗರ್ ಜಿಪಿ100ರಲ್ಲಿ ಒಳಕ್ಕೆ ಒತ್ತಬೇಕು. ಎಡಗೈಯ ತೋರುಬೆರಳಿಗೆ ಮುಂದಕ್ಕೆ ತಳ್ಳುವುದು ಕಷ್ಟ, ಒಳಕ್ಕೆ ಒತ್ತುವುದು ಸುಲಭ. ಆದ್ದರಿಂದ ನನ್ನ ಒಲವು ರೂಗರ್ ಕಡೆಗೆ. ಸಿಲಿಂಡರ್ ಬಲಕ್ಕೆ ತೆರೆದುಕೊಳ್ಳುವ ಅಪ್ಪಟ ಎಡಗೈ ರಿವಾಲ್ವರ್ ಬೇಕಾದರೆ ಚಾರ್ಟರ್ ಆರ್ಮ್ಸ್‌ನ .38 ಸ್ಪೆಷಲ್ 'ಸೌತ್‌ಪಾ' ಇದೆ. ಅದಕ್ಕಾಗಿ ದುಬಾರಿ ಬೆಲೆ ತೆರಬೇಕಾಗಿಲ್ಲ, ಆದರೆ ಹಗುರವಾದ, ಕುಳ್ಳಗಿನ ನಳಿಗೆಯ ಆ ರಿವಾಲ್ವರ್ ಉದ್ದ ಅಭ್ಯಾಸಕ್ಕೆ ಕೈ ನೋಯಿಸುತ್ತದೆ. ಇನ್ನು 1873ರ ಕೋಲ್ಟ್ ಸಿಂಗಲ್ ಆ್ಯಕ್ಷನ್ ಮತ್ತು ಅದರ ಅನುಕರಣೆಗಳಲ್ಲಿ ತೋಟಾ ತುಂಬುವ ಬಾಗಿಲು ಬಲಬದಿಯಲ್ಲಿದೆ: ಎಡಗೈಯಲ್ಲಿ ಹಿಡಿದುಕೊಂಡೇ ಬಲಗೈಯಿಂದ ಒಂದೊಂದಾಗಿ ತುಂಬಬಹುದು. ನೂರೈವತ್ತು ವರ್ಷಗಳ ಹಿಂದಿನ ಆ ವಿನ್ಯಾಸ ಈ ಒಂದು ವಿಷಯದಲ್ಲಿ ಇಂದಿನ ಅನೇಕ ಪಿಸ್ತೂಲುಗಳಿಗಿಂತ ನಮಗೆ ಹೆಚ್ಚು ಒಲಿದಿದೆ.

ಗುರಿಸ್ಪರ್ಧೆಯ ಪಿಸ್ತೂಲು: ಇಲ್ಲಿ ರಾಜಿ ಬೇಡ

ಒಲಿಂಪಿಕ್ ಶೈಲಿಯ ಸ್ಪರ್ಧೆಗೆ ಸಿದ್ಧರಾಗುವವರಿಗೆ ಮೇಲಿನ ಲೆಕ್ಕ ತಲೆಕೆಳಗಾಗುತ್ತದೆ. 10 ಮೀಟರ್ ಏರ್ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕೆಂಬುದು ನಿಯಮ. ತೂಕ 1500 ಗ್ರಾಂ ಮೀರಬಾರದು, ಟ್ರಿಗರ್ ಎಳೆತ 500 ಗ್ರಾಂಗಿಂತ ಕಡಿಮೆಯಿರಬಾರದು. ಅಷ್ಟು ಹಗುರವಾದ ಟ್ರಿಗರ್ ಎಳೆಯುವಾಗ ಉಳಿದ ಕೈ ಕದಲದೆ ನಿಲ್ಲಬೇಕು, ಆ ನಿಲುವು ಕೊಡುವುದು ಹಿಡಿ. ಈ ಪಿಸ್ತೂಲುಗಳ ಮರದ ಹಿಡಿಯಲ್ಲಿ ಅಂಗೈಗೆ ದಿಂಡು, ಹೆಬ್ಬೆರಳಿಗೆ ತಗ್ಗು, ಕೆಳಗೆ ಅಂಗೈಯನ್ನು ಎತ್ತಿ ಹಿಡಿಯುವ ಹಲಗೆ ಎಲ್ಲವೂ ಒಂದೇ ಕೈಗೆಂದು ಕೆತ್ತಿರುತ್ತದೆ. ಬಲಗೈ ಹಿಡಿಯನ್ನು ಎಡಗೈಯಲ್ಲಿ ಹಿಡಿಯುವುದು ಎಡಗಾಲಿನ ಬೂಟನ್ನು ಬಲಗಾಲಿಗೆ ಹಾಕಿದಂತೆ.

ನಮ್ಮ ರೇಂಜಿಗೆ ಬರುತ್ತಿದ್ದ ಹದಿಮೂರರ ಹುಡುಗಿಯೊಬ್ಬಳು ಆರು ತಿಂಗಳು ಬಲಗೈ ಹಿಡಿಯ ಪಿಸ್ತೂಲಿನಲ್ಲೇ ಎಡಗೈಯಲ್ಲಿ ಹೊಡೆದಳು. ಅವಳ ಗುಂಡುಗಳು ಸದಾ ಬಲಕ್ಕೆ ಕೆಳಗೆ ಗುಂಪಾಗುತ್ತಿದ್ದವು, ಹೆಬ್ಬೆರಳಿನ ಬುಡದಲ್ಲಿ ಚರ್ಮ ಗಟ್ಟಿಯಾಗಿತ್ತು, ಎಲ್ಲರೂ ಅವಳ ಟ್ರಿಗರ್ ಎಳೆತವನ್ನೇ ತಿದ್ದುತ್ತಿದ್ದರು. ಎಡಗೈ ಹಿಡಿ ತರಿಸಿ, ಬಿಗಿಯಾಗುವ ಕಡೆ ಅರದಿಂದ ಒಂದಿಷ್ಟು ಉಜ್ಜಿ, ಸಡಿಲವಾದ ಕಡೆ ಮರದ ಮೆತ್ತೆ ಹಚ್ಚಿ ಕೂರಿಸಿದೆವು. ಗುಂಪು ಆ ವಾರವೇ ನಡುವಿಗೆ ಸರಿಯಿತು. ತಪ್ಪು ಅವಳ ಬೆರಳಿನದಾಗಿರಲಿಲ್ಲ.

ಮೊರಿನಿ, ಸ್ಟೈಯರ್, ಫೈನ್‌ವೆರ್ಕ್‌ಬೌ, ಪಾರ್ಡಿನಿ, ವಾಲ್ಥರ್ ಮುಂತಾದವುಗಳ ಸ್ಪರ್ಧಾ ಪಿಸ್ತೂಲುಗಳಿಗೆ ಎಡಗೈ ಹಿಡಿ ಸಿಗುತ್ತದೆ. ಆದ್ದರಿಂದ ಬಳಸಿದ ಪಿಸ್ತೂಲು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮುನ್ನ, ಆ ನಿರ್ದಿಷ್ಟ ಮಾದರಿಗೆ ನಿಮ್ಮ ಗಾತ್ರದ ಎಡಗೈ ಹಿಡಿ ಇನ್ನೂ ದೊರೆಯುತ್ತದೆಯೇ, ಅದರ ಬೆಲೆ ಸೇರಿಸಿದರೂ ಲಾಭವೇ ಎಂದು ಲೆಕ್ಕ ಹಾಕಿ. ಇಡೀ ಪಿಸ್ತೂಲಿಗಿಂತ ಹಿಡಿಗೆ ಹೆಚ್ಚು ಗಮನ ಕೊಡಬೇಕಾದ ಕ್ಷೇತ್ರ ಇದು.

ಯಾರಿಗೆ ಯಾವುದು

ಕೈಯಲ್ಲಿ ಹಣ ಕಡಿಮೆಯಿದ್ದು ರೇಂಜಿನ ಅಭ್ಯಾಸವಷ್ಟೇ ಉದ್ದೇಶವಾದರೆ, ಕೈ ಸೇಫ್ಟಿ ಇಲ್ಲದ ಹಳೆಯ ಪಾಲಿಮರ್ ಪಿಸ್ತೂಲನ್ನೋ ಬೆರೆಟಾ 92ಎಫ್‌ಎಸ್ ಥರದ್ದನ್ನೋ ಬಳಸಿದ್ದೇ ಆದರೂ ಕೊಂಡು, ಉಳಿದ ಹಣವನ್ನು ತೋಟಾಗಳಿಗೂ ತರಬೇತಿಗೂ ಇಡಿ. ಮನೆಯಲ್ಲಿ ಇಬ್ಬರು ಬಳಸುವುದಾದರೆ ಎರಡೂ ಬದಿಯ ಸನ್ನೆಗಳುಳ್ಳ ವಿಪಿ9 ಅಥವಾ ಎಫ್‌ಎನ್ 509 ಕೊಡುವ ಬೆಲೆಗೆ ತಕ್ಕದ್ದು. ಕರ್ತವ್ಯಕ್ಕಾಗಿ ಸೊಂಟದಲ್ಲಿ ಇಡುವವರು ಪಿಸ್ತೂಲಿಗಿಂತ ಮೊದಲು ಎಡಗೈ ಹೋಲ್‌ಸ್ಟರ್ ಹುಡುಕಲಿ. ಹೆಚ್ಚು ಮಾರಾಟವಾಗುವ ಮಾದರಿಗಳಿಗಷ್ಟೇ ಅದು ಸುಲಭವಾಗಿ ಸಿಗುತ್ತದೆ, ಈ ಒಂದು ಕಾರಣಕ್ಕೇ ಗ್ಲಾಕ್‌ನಂಥ ಸಾಮಾನ್ಯ ಮಾದರಿ ಅಪರೂಪದ ಉತ್ತಮ ಪಿಸ್ತೂಲನ್ನು ಹಿಂದಿಕ್ಕುತ್ತದೆ. ಬಲಗೈಯ ಹೋಲ್‌ಸ್ಟರನ್ನು ಎಡ ಸೊಂಟಕ್ಕೆ ತಿರುಗಿಸಿ ಕಟ್ಟುವುದು ಎಂದಿಗೂ ಬೇಡ.

ನಿಮ್ಮಲ್ಲಿ ಅನ್ವಯಿಸುವ ಪರವಾನಗಿಯ ಕಾನೂನು ಯಾವ ಮಾದರಿಗೆ ಅವಕಾಶ ಕೊಡುತ್ತದೆ ಎಂದು ತಿಳಿದುಕೊಂಡ ಮೇಲೆ, ಅಂಗಡಿಯಲ್ಲಿ ಈ ಪರೀಕ್ಷೆ ಮಾಡಿ. ಮಾರಾಟಗಾರರಿಂದ ಖಾಲಿ ಮಾಡಿಸಿ, ಕೋಣೆಯನ್ನು ನೀವೇ ಕಣ್ಣಿನಿಂದ ಮತ್ತು ಬೆರಳಿನಿಂದ ಪರೀಕ್ಷಿಸಿ, ಪಿಸ್ತೂಲಿನ ಬಾಯನ್ನು ಸುರಕ್ಷಿತ ದಿಕ್ಕಿಗೆ ಹಿಡಿಯಿರಿ. ಗುಂಡು ಹಾರಿಸುವಾಗ ಹಿಡಿಯುವಷ್ಟೇ ಬಿಗಿಯಾಗಿ ಎಡಗೈಯಲ್ಲಿ ಹಿಡಿದು, ಸೇಫ್ಟಿ ಇದ್ದರೆ ಹತ್ತು ಸಲ ಹಾಕಿ ತೆಗೆಯಿರಿ. ಖಾಲಿ ಮ್ಯಾಗಜೀನನ್ನು ಹತ್ತು ಸಲ ಬಿಡಿಸಿ ಕೂರಿಸಿ. ಪ್ರತಿಸಲವೂ ಸ್ಲೈಡನ್ನು ಹಿಂದೆ ನಿಲ್ಲಿಸಿ ಬಿಡಿ. ಅಂಗೈ ಹಿಡಿಯ ಮೇಲೆ ಎಷ್ಟು ಸಲ ಜಾಗ ಬದಲಿಸಿತು ಎಂದು ಜೊತೆಗೆ ಬಂದವರು ಎಣಿಸಲಿ, ನಿಮಗೇ ಅದು ತಿಳಿಯುವುದಿಲ್ಲ. ಸೇಫ್ಟಿಗಾಗಿ ಒಮ್ಮೆ ಬದಲಿಸಿದರೂ ಅದನ್ನು ಹಿಂತಿರುಗಿಸಿ, ಮ್ಯಾಗಜೀನಿಗಾಗಿ ಎರಡು ಮೂರು ಸಲವಾದರೆ ಅಭ್ಯಾಸದಿಂದ ಸರಿಹೋಗುತ್ತದೆ ಎಂದು ಇಟ್ಟುಕೊಳ್ಳಿ, ಸ್ಲೈಡ್ ಸ್ಟಾಪಿಗಾಗಿ ಎಷ್ಟು ಸಲ ಬದಲಿಸಿದರೂ ಅದನ್ನು ಲೆಕ್ಕಕ್ಕೆ ಹಿಡಿಯದೆ ಮುಂದಿನ ಮಾದರಿಯನ್ನು ಕೇಳಿ ಪಡೆದು ಇದೇ ಕ್ರಮದಲ್ಲಿ ಹಿಡಿದು ನೋಡಿ.